ಪೆಟ್ಟು ಬಿದ್ದ ಜಾಗ ಹೇಳುವ ಬಟ್ಟೆ

ಬೆಳ್ಳಿದಾರ ತುಂಡಾಗಬಹುದಿತ್ತು. ತುಂಡಾಗದೆ ಒಂದಕ್ಕೊಂದು ತಾಗಿಕೊಂಡು ಇಡೀ ಬಟ್ಟೆ ಒಂದೇ ತಂತಿಯ ಹಾಗೆ ಆಡಬಹುದಿತ್ತು. ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಬಹುದಿತ್ತು. ಆಗ ಕೈಹಿಡಿಯಬೇಕಾದ ನಮ್ಮ ಜನರೇಟರು ಎರಡು ಸಲ ಕೆಮ್ಮಿ ಮಲಗಬಹುದಿತ್ತು, ಅದರ ಸ್ವಭಾವವೇ ಅದು. ಇಲಿ ಕಡಿಯಬಹುದಿತ್ತು. ನಮ್ಮ ಶೆಡ್ಡಿನ ಇಲಿಗಳಿಗೆ ಹತ್ತಿ, ನೈಲಾನ್ ಎಂಬ ಭೇದಭಾವವಿಲ್ಲ. ಮಳೆಗಾಲದ ತೇವ ದಾರದೊಳಗೆ ಇಳಿದು ಮೀಟರು ಹುಚ್ಚುಹುಚ್ಚಾಗಿ ಕುಣಿಯಬಹುದಿತ್ತು. ಬೆಂಗಳೂರಿನಿಂದ ಬರುವ ಪರೀಕ್ಷಕಿಯ ಕಾರು ತಾಂಡವಪುರದ ಹತ್ತಿರ ಕಬ್ಬಿನ ಲಾರಿಯ ಹಿಂದೆ ಸಿಕ್ಕಿಕೊಂಡು, ಆಕೆ ಸಿಟ್ಟಿನಲ್ಲೇ ಇಳಿಯಬಹುದಿತ್ತು. ನಮ್ಮ ಮಾಲೀಕರು ಪರೀಕ್ಷೆಯ ನಡುವೆ ಬಾಯಿ ಹಾಕಬಹುದಿತ್ತು. ಪರೀಕ್ಷೆಗೆ ಹಾರಿಸುವ ಗುಂಡು ಬಟ್ಟೆಯನ್ನು ಬಿಟ್ಟು ನನಗೇ ತಾಗಬಹುದಿತ್ತು. ಒಂದು ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಸುಲಭದ ದಾರಿ.

ಇವನ್ನೆಲ್ಲ ನಾನು ಮುಂಚಿತವಾಗಿಯೇ ಯೋಚಿಸಿ ಇಟ್ಟುಕೊಂಡಿದ್ದೆ. ಯೋಚನೆ ನನಗೆ ಸಂಬಳದ ಹೊರಗಿನ ಕೆಲಸ. ಬೇರೆಯವರು ವಯಸ್ಸಾದಂತೆ ನಿಶ್ಚಿಂತರಾಗುತ್ತಾರಂತೆ. ನನಗೆ ಕೂದಲು ಕಡಿಮೆಯಾಯಿತು, ಚಿಂತೆ ಒತ್ತೊತ್ತಾಗಿ ಬೆಳೆಯಿತು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಬಟ್ಟೆ ಗಿರಣಿ. ಮುಂದಿನ ದೊಡ್ಡ ಶೆಡ್ಡಿನಲ್ಲಿ ಆಸ್ಪತ್ರೆಗಳ ಬೆಡ್‌ಶೀಟು, ಕಾರ್ಖಾನೆಗಳ ಸೋಸುಬಟ್ಟೆ. ಹಿಂದೆ, ಕಾಂಪೌಂಡಿಗೆ ಒರಗಿಕೊಂಡ ಚಿಕ್ಕ ಶೆಡ್ಡಿನಲ್ಲಿ ಎರಡು ಸಣ್ಣ ಮಗ್ಗ, ಒಂದು ಪರಿಶೀಲನೆ ಮೇಜು, ಬೆರಳೆಣಿಕೆಯ ಜನ. ಹೊಸ ಬಗೆಯ ಬಟ್ಟೆಯ ಮಾದರಿ ನೇಯ್ದು ನೋಡುವ ಜಾಗ ಅದು. ಅದರ ಉಸ್ತುವಾರಿ ನನ್ನದು.

ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಬೇಕಾಗಿದ್ದದ್ದು ಬಾಹ್ಯಾಕಾಶ ನೌಕೆಯ ಹೊರಮೈಗೆ ಹೊದಿಸುವ ಬಟ್ಟೆ. ಮುಂದೆ ಗಗನಯಾತ್ರಿಯ ಉಡುಪಿಗೂ ಅದೇ. ಮೇಲೆ ಮರಳಿನ ಕಾಳಿಗಿಂತ ಸಣ್ಣ ಕಲ್ಲಿನ ಪುಡಿ ಬಂದೂಕಿನ ಗುಂಡನ್ನು ನಾಚಿಸುವ ವೇಗದಲ್ಲಿ ಓಡಾಡುತ್ತಿರುತ್ತದೆ. ಅದು ಬಡಿದರೆ ಬಟ್ಟೆ ತಡೆಯಬೇಕು. ತಡೆಯುವ ಬಟ್ಟೆಗಳು ಈಗಾಗಲೇ ಇವೆ. ಇವರಿಗೆ ಬೇಕಾದದ್ದು ತಡೆಯುವುದರ ಜೊತೆಗೆ ಬಾಯಿಬಿಟ್ಟು ಹೇಳುವ ಬಟ್ಟೆ: ಇಗೋ, ನನಗೆ ಇಲ್ಲಿ ಪೆಟ್ಟು ಬಿತ್ತು ಅಂತ. ಉಪಾಯ ಕಾಗದದ ಮೇಲೆ ಸರಳ. ಗಟ್ಟಿ ದಾರದ ಬಟ್ಟೆಯೊಳಗೆ, ಉದ್ದಕ್ಕೂ ಅಡ್ಡಕ್ಕೂ, ಕಡಲೆಕಾಳಿನಗಲಕ್ಕೊಂದರಂತೆ ಬೆಳ್ಳಿ ಲೇಪಿಸಿದ ದಾರ ಸೇರಿಸಿ ನೇಯಬೇಕು. ಪ್ರತಿ ಬೆಳ್ಳಿದಾರದಲ್ಲೂ ಸಣ್ಣಗೆ ವಿದ್ಯುತ್ತು ಹರಿಯುತ್ತಿರುತ್ತದೆ. ಪೆಟ್ಟು ಬಿದ್ದಲ್ಲಿ ಉದ್ದದ ಒಂದು ದಾರ, ಅಡ್ಡದ ಒಂದು ದಾರ ಹರಿಯುತ್ತವೆ. ಯಾವ ಎರಡು ಸತ್ತವು ಎಂದು ನೋಡಿದರೆ ಚೌಕಾಬಾರದ ಮನೆಯ ಹಾಗೆ ಜಾಗ ಗೊತ್ತಾಗುತ್ತದೆ.

ಮಾಲೀಕರು ಒಪ್ಪಿದರು. ಒಪ್ಪುವಾಗಲೇ ಕತ್ತಿಯನ್ನೂ ತೂಗುಹಾಕಿದರು.

“ನೋಡ್ರೀ, ಆ ಹಿಂದ್ಗಡೆ ಶೆಡ್ಡು ನಂಗೆ ಗೋಡೌನಿಗೆ ಬೇಕು. ವರ್ಷಾನುಗಟ್ಟಲೆ ಮಾದರಿ ಮಾದರಿ ಅಂತ ನೇಯ್ತಾನೇ ಇದೀರಿ, ಒಂದಾದ್ರೂ ಆರ್ಡರ್ ಆಗಿದೆಯಾ? ಇದು ಪಾಸಾದ್ರೆ ಶೆಡ್ಡು ನಿಮ್ದು. ಇಲ್ಲಾಂದ್ರೆ ಮಗ್ಗ ಎರಡೂ ಗುಜರಿಗೆ, ನೀವೆಲ್ಲಾ ಮುಂದಿನ ಶೆಡ್ಡಿಗೆ ಬನ್ನಿ, ಬೆಡ್‌ಶೀಟ್ ಮಡಿಚೋಕೆ ಜನ ಸಾಲ್ದು.”

ಅವರು ತಮಾಷೆ ಮಾಡುವ ಜನವಲ್ಲ. ಗೋಡೌನಿನ ಅಳತೆ ಆಗಲೇ ತೆಗೆಸಿದ್ದರು.

ಮೊದಲ ಸುತ್ತಿನಲ್ಲಿ ಬೆಳ್ಳಿದಾರವನ್ನು ಇದ್ದ ಹಾಗೇ ನೇಯ್ದೆವು. ಬಟ್ಟೆ ನೋಡಲು ಮದುವೆಗೆ ಹೊರಟ ಹಾಗಿತ್ತು. ಮೀಟರು ಹಿಡಿದರೆ ಯಾವ ದಾರ ಮುಟ್ಟಿದರೂ ಎಲ್ಲ ದಾರಗಳೂ ಒಟ್ಟಿಗೆ ಕೂಗುತ್ತಿದ್ದವು. ಉದ್ದದ ಹಾಸಿನ ಬೆಳ್ಳಿ ಅಡ್ಡದ ಹೊಕ್ಕಿನ ಬೆಳ್ಳಿಯನ್ನು ಹಾಯುವಲ್ಲೆಲ್ಲ ತಾಗಿಕೊಂಡಿತ್ತು. ತಗಡೂರಿನ ಕಡೆಯವನಾದ ನಮ್ಮ ಮಗ್ಗದ ಆಪರೇಟರ್ ಮೀಟರಿನ ಕೂಗು ಕೇಳಿ ತಲೆ ಕೆರೆದುಕೊಂಡ.

“ಇದೇನ್ಸಾ, ಅಟ್ಟಿ ಬಾಗ್ಲಲ್ಲಿ ಒಬ್ರಿಗೆ ಏಳಿದ್ರೆ ಊರಿಗೆಲ್ಲಾ ಗೊತ್ತಾದಂಗೆ ಆಯ್ತಲ್ಲ!”

ಎರಡನೆಯ ಸುತ್ತಿನಲ್ಲಿ ಬೆಳ್ಳಿದಾರ ಬಿಟ್ಟು, ಮೋಟರಿಗೆ ಸುತ್ತುವಂಥ, ಮೇಲೆ ಲೇಪವಿರುವ ತಾಮ್ರದ ತಂತಿ ತರಿಸಿದೆ. ಕೂದಲಿಗಿಂತ ಸಣ್ಣದು. ಲೇಪವಿದ್ದರೆ ತಾಗಿದರೂ ಚಿಂತೆಯಿಲ್ಲ ಎಂಬ ಲೆಕ್ಕ. ಮಗ್ಗ ಪ್ರತಿ ಸಲ ಬಾಯಿ ತೆರೆದು ಮುಚ್ಚುವಾಗ ತಂತಿ ಬಾಗಿ ನೆಟ್ಟಗಾಗುತ್ತದೆ. ದಾರಕ್ಕೆ ಅದು ವ್ಯಾಯಾಮ, ತಂತಿಗೆ ಮರಣ. ಅಂಗೈಯಗಲ ನೇಯುವಷ್ಟರಲ್ಲಿ ಹಾಸಿನ ತಂತಿಗಳು ಒಂದೊಂದಾಗಿ ಕಡಿದವು. ಉಳಿದವುಗಳ ಲೇಪವನ್ನು ಮಗ್ಗದ ಬಾಚಣಿಗೆಯಂಥ ಹಣಿಗೆ, ಬಾಳೆದಿಂಡು ಕೆರೆದ ಹಾಗೆ ಕೆರೆದು ಹಾಕಿತ್ತು.

ಮೂರನೆಯ ಸುತ್ತಿನಲ್ಲಿ ಬೆಳ್ಳಿದಾರಕ್ಕೇ ಮೆರುಗೆಣ್ಣೆ ಬಳಿದು ಒಣಗಿಸಿದೆ. ಈ ಸಲ ಅರ್ಧ ಯಶಸ್ಸು. ಕೆಲವು ಮನೆಗಳು ಸರಿಯಾಗಿ ಮಾತಾಡಿದವು, ಕೆಲವು ಪಕ್ಕದ ಮನೆಯ ಹೆಸರು ಹೇಳಿದವು. ಮಾಲೀಕರು ಬಂದು ನೋಡಿದರು.

“ಅರ್ಧ ಕೆಲ್ಸ ಮಾಡ್ತದಲ್ರೀ? ಹಂಗೇ ಕಳ್ಸಿ.”

“ಸಾರ್, ಅರ್ಧ ನಿಜ ಹೇಳೋ ಬಟ್ಟೆ, ಬಟ್ಟೆ ಇಲ್ಲದ್ದಕ್ಕಿಂತ ಕಷ್ಟ ಸಾರ್. ಎಡಗೈಗೆ ತೂತಾದ್ರೆ ಬಲಗೈ ಅನ್ನುತ್ತೆ. ಅಷ್ಟರಲ್ಲಿ ಒಳಗಿನ ಗಾಳಿ ಖಾಲಿ.”

“ಮೇಲಿರೋರು ಅಡ್ಜಸ್ಟ್ ಮಾಡ್ಕೊಳ್ಳಲ್ವಾ?” ಎಂದರು.

ನಾನು ಬಟ್ಟೆಯನ್ನು ಮಡಿಸಿ ಬೀರುವಿನಲ್ಲಿಟ್ಟೆ.

ಆಗ ಜರಿ ನೆನಪಾಯಿತು. ಜರಿಯಲ್ಲಿ ರೇಷ್ಮೆ ಒಳಗೆ, ಲೋಹ ಹೊರಗೆ. ನನಗೆ ಬೇಕಾದದ್ದು ತಿರುಗಾಮುರುಗಾ: ಬೆಳ್ಳಿ ಒಳಗೆ, ಅದರ ಮೈ ಕಾಣದಂತೆ ಸುತ್ತ ಸಣ್ಣ ಎಳೆ. ಟಿ. ನರಸೀಪುರದಲ್ಲಿ ರೇಷ್ಮೆ ಹುರಿ ಮಾಡುವ ಶೆಡ್ ಇಟ್ಟುಕೊಂಡವರೊಬ್ಬರು ಹಿಂದೊಮ್ಮೆ ಜರಿ ಮಾಡುವ ಆಸೆಗೆ ಬಿದ್ದು ಎಳೆ ಸುತ್ತುವ ಯಂತ್ರ ತಂದಿದ್ದಾರೆಂದು ಕೇಳಿದ್ದೆ. ಹೋಗಿ ನೋಡಿದರೆ ಯಂತ್ರ ಗೋಣಿತಾಟು ಹೊದ್ದು ಮೂಲೆಯಲ್ಲಿತ್ತು. ಅದರ ಮೇಲೆ ಒಂದು ಕೋಳಿ ಕಾವು ಕೂತಿತ್ತು.

“ಅದನ್ನ ಎಬ್ಬುಸ್ಬೇಡಿ ಸಾ, ಮೊಟ್ಟೆ ಇಟ್ಟದೆ. ಮೊದ್ಲು ಕೂತ್ಕಳಿ, ಕಾಪಿ ಕುಡೀರಿ,” ಎಂದರು ಯಜಮಾನರು. ಪಂಚೆ ಮೇಲಕ್ಕೆ ಕಟ್ಟಿದ, ದೊಡ್ಡ ಗಂಟಲಿನ ಮನುಷ್ಯ. ನಾನು ವಿಷಯ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಒಳಗಿನ ಕಡೆ ಕೂಗಿದರು. “ಅಮ್ಮೀ, ನಮ್ ಶೆಡ್ಡಿಂದ ರಾಕೆಟ್ಟಿಗೆ ದಾರ ಓಯ್ತದಂತೆ ಕಣಮ್ಮೀ! ಕೋಳೀನ ಆ ಕಡೀಕೆ ಇಡು!”

ನನ್ನ ಮಗ್ಗದ ಮೇಲೆ ಮೆರುಗೆಣ್ಣೆ ಬಳಿದ ಹಾಸು ಇನ್ನೂ ಉದ್ದಕ್ಕೂ ಉಳಿದಿತ್ತು. ಅದನ್ನೇ ನೇಯ್ದು ಮುಗಿಸಿ, ಸರಿಯಾಗಿ ಮಾತಾಡುವ ಒಂದು ತುಂಡನ್ನು ಆರಿಸಿ ಕತ್ತರಿಸಿ ಪರೀಕ್ಷೆಗೆ ಒಡ್ಡಬಹುದಿತ್ತು. ಮಾಲೀಕರಿಗೆ ಅದೇ ಬೇಕಿತ್ತು. ನಿಜ ಹೇಳಬೇಕೆಂದರೆ ನನಗೂ ಒಂದೆರಡು ದಿನ ಅದೇ ಬೇಕಿತ್ತು. ಹೊಸದಾಗಿ ಹಾಸು ಹೂಡುವುದೆಂದರೆ ಪ್ರತಿ ದಾರವನ್ನೂ ಕೈಯಿಂದ ತೂರಿಸಬೇಕು. ಪರೀಕ್ಷೆಯ ದಿನ ಆಗಲೇ ನಿಗದಿಯಾಗಿತ್ತು. ಆದರೆ ಆರಿಸಿ ಕೊಟ್ಟ ತುಂಡು ಪಾಸಾದ ಮೇಲೆ ಮೀಟರುಗಟ್ಟಲೆ ಕೊಡಿ ಎನ್ನುತ್ತಾರಲ್ಲ, ಆಗ ಎಲ್ಲಿಂದ ಆರಿಸುವುದು? ಒಂದು ಬೆಳಿಗ್ಗೆ ಕತ್ತರಿ ತೆಗೆದುಕೊಂಡು ಮಗ್ಗದ ಮುಂದೆ ನಿಂತೆ.

ಆಪರೇಟರ್ ಓಡಿ ಬಂದ. “ಸಾ, ಬ್ಯಾಡಿ. ಇರೋ ಹಾಸು ಕತ್ತರ್ಸೋದು ಅಂದ್ರೆ ಗಬ್ಬದ ಹಸೂನ ಕಟುಕ್ರಿಗೆ ಮಾರ್ದಂಗೆ.”

“ಹಾಗಾದ್ರೆ ನೀನೇ ಕತ್ತರಿಸು.”

“ನಾನ್ಯಾಕೆ ಸಾ ಪಾಪ ಕಟ್ಕೊಳ್ಳಿ? ನೀವೇ ಆಫೀಸರು.”

ನಾನೇ ಕತ್ತರಿಸಿದೆ. ಎಳೆದು ಬಿಗಿದ ದಾರಗಳು ಸದ್ದು ಮಾಡಿ ಹಿಂದಕ್ಕೆ ಸಿಡಿದು ಬಿದ್ದವು. ಇನ್ನು ಹಿಂದೆ ಹೋಗುವ ದಾರಿಯೂ ಇಲ್ಲ ಎಂದು ಗೊತ್ತಾದಾಗ ಧೈರ್ಯ ಬರುತ್ತದಂತೆ. ನನಗೆ ಬಂದದ್ದು ಎದೆಯುರಿ.

ನರಸೀಪುರದಿಂದ ಮೊದಲು ಬಂದ ದಾರ ಬಾಬಿನ್‌ನಿಂದ ಬಿಚ್ಚಿದ ಕೂಡಲೇ ತನ್ನಷ್ಟಕ್ಕೆ ತಾನು ಸುರುಳಿ ಸುತ್ತಿಕೊಂಡು ಹಾಗಲಬಳ್ಳಿಯ ತುದಿಯಂತಾಯಿತು. ಯಜಮಾನರು ಎಳೆಯನ್ನು ಒಂದೇ ದಿಕ್ಕಿಗೆ ಸುತ್ತಿದ್ದರು. ಬಲಕ್ಕೊಂದು ಸುತ್ತು, ಅದರ ಮೇಲೆ ಎಡಕ್ಕೊಂದು ಸುತ್ತು ಹಾಕಿದರೆ ಒಂದರ ಸೆಡೆತವನ್ನು ಇನ್ನೊಂದು ಮುರಿಯುತ್ತದೆ ಎಂದು ಇಬ್ಬರೂ ಫೋನಿನಲ್ಲಿ ಜಗಳವಾಡಿಕೊಂಡೇ ತೀರ್ಮಾನಿಸಿದೆವು. ಎಡಕ್ಕೆ ತಿರುಗಿಸಲು ಅವರ ಯಂತ್ರದ ಬೆಲ್ಟನ್ನು ಅಡ್ಡ ಹಾಕಬೇಕಿತ್ತು. ಹಾಕಿದರು. ಬೆಲ್ಟು ಹಾರಿ ಹೋಗಿ ಕೋಳಿಯ ಹೊಸ ಜಾಗಕ್ಕೂ ತೊಂದರೆಯಾಯಿತು ಎಂದು ವರದಿ ಬಂತು.

ಎರಡನೆಯ ಸಲದ ದಾರ ಮೆತ್ತಗೆ, ನೆಟ್ಟಗೆ, ಹೇಳಿದ ಮಾತು ಕೇಳುವ ಹಾಗೆ ಬಂತು. ಮೀಟರು ಮಾತ್ರ ಒಪ್ಪಲಿಲ್ಲ. ಎರಡು ದಾರಗಳನ್ನು ಅಡ್ಡ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ಸಣ್ಣಗೆ ಸೋರಿಕೆ. ಮತ್ತೆ ನರಸೀಪುರಕ್ಕೆ ಓಡಿದೆ. ಶೆಡ್ಡಿನ ಒಳಗೆ ಕಾಲಿಟ್ಟ ಕೂಡಲೇ ಕಾರಣ ಕಾಲಿಗೇ ತಾಗಿತು. ನೆಲದ ತುಂಬ ಒದ್ದೆ ಗೋಣಿ. ಗಾಳಿ ಒಣಗಿದ್ದರೆ ರೇಷ್ಮೆ ಎಳೆ ಕಡಿಯುತ್ತದೆಂದು ಹುರಿ ಶೆಡ್ಡುಗಳಲ್ಲಿ ಹಾಗೆ ಹಾಸಿರುತ್ತಾರೆ. ಆ ತೇವವೆಲ್ಲ ನಮ್ಮ ದಾರ ಕುಡಿದಿತ್ತು.

“ಗೋಣಿ ತೆಗೆಸಿ ಯಜಮಾನ್ರೇ.”

“ತೆಗುದ್ರೆ ನನ್ ರೇಷ್ಮೆ ಕಿತ್ಕತದೆ ಸಾ. ನಿಮ್ ರಾಕೆಟ್ಟು ಇವತ್ತಲ್ಲಾ ನಾಳೆ ಆರ್ತದೆ, ನನ್ ಗಿರಾಕಿ ಸಂಜೀಕೆ ಬತ್ತಾನೆ.”

ಕೊನೆಗೆ ಅವರೇ ಪಕ್ಕದ ಮನೆಯವರ ರೇಷ್ಮೆಗೂಡು ಒಣಗಿಸುವ ಬಿಸಿಗಾಳಿ ಪೆಟ್ಟಿಗೆಯಲ್ಲಿ ಬಾಬಿನ್‌ಗಳನ್ನು ಇಡಿಸಿದರು. ಚೆನ್ನಾಗಿ ಒಣಗಿದವು. ಜೊತೆಗೆ ಸತ್ತ ಹುಳುವಿನ ವಾಸನೆಯನ್ನೂ ಪೂರ್ತಿ ಹೀರಿಕೊಂಡವು. ವಾಸನೆ ಬರೀ ಮೂಗಿನ ಸಮಸ್ಯೆಯಲ್ಲ. ಗಾಳಿಯಿಲ್ಲದ ಜಾಗದಲ್ಲಿ ಬಟ್ಟೆಯಿಂದ ಏನೇ ಆವಿ ಎದ್ದರೂ ಅದು ಹೋಗಿ ಕ್ಯಾಮೆರಾ ಗಾಜಿನ ಮೇಲೆ, ಉಪಕರಣಗಳ ಮೇಲೆ ಕೂರುತ್ತದೆ. ಕಂಪನಿಯವರು ಆ ವಿಷಯದಲ್ಲಿ ಮಡಿವಂತರು. ನಮ್ಮ ಗಿರಣಿಯ ಲ್ಯಾಬಿನ ಸಣ್ಣ ಓವನ್ನಿನಲ್ಲಿ ಬಾಬಿನ್‌ಗಳನ್ನು ಮತ್ತೆ ಬೇಯಿಸಿದೆ. ದಿನವೂ ಒಂದೊಂದನ್ನು ತೆಗೆದು ಮೂಸುತ್ತಿದ್ದೆ. ಊಟದ ಡಬ್ಬಿ ಬಿಚ್ಚಿದರೂ ಮೊದಲು ಮೂಸುವ ಅಭ್ಯಾಸ ಆಗಿನಿಂದ ಬಂದದ್ದು. ಮನೆಯಲ್ಲಿ ಇದಕ್ಕೆ ಸಿಕ್ಕ ಮರ್ಯಾದೆಯನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ನೇಯ್ಗೆ. ಆಪರೇಟರ್ ಮಗ್ಗದ ವೇಗವನ್ನು ಮುದುಕರ ನಡಿಗೆಗೆ ಇಳಿಸಿದ. ಪ್ರತಿ ಬೆಳ್ಳಿಹೊಕ್ಕು ಕೂತ ಮೇಲೆ ಮಗ್ಗ ನಿಲ್ಲಿಸಿ ಮೀಟರು ಹಿಡಿಯುತ್ತಿದ್ದೆವು. ಆತ “ಸೈ” ಎನ್ನುವವರೆಗೂ ನಾನು ಉಸಿರು ಬಿಡುತ್ತಿರಲಿಲ್ಲ. ಬೇಕೆಂದೇ ಒಂದೆರಡು ಸಲ ತಡಮಾಡಿ ಹೇಳುತ್ತಿದ್ದನೆಂದು ನನಗೆ ಅನುಮಾನ. ಮಧ್ಯೆ ಮಾಲೀಕರು ಎರಡು ಸಲ ಬಂದು, ಗೋಡೌನಿಗೆ ಬಾಗಿಲು ಯಾವ ಕಡೆ ಇಟ್ಟರೆ ಲಾರಿಗೆ ಅನುಕೂಲ ಎಂದು ನನ್ನನ್ನೇ ಕೇಳಿದರು. ಉತ್ತರದ ಕಡೆ ಎಂದೆ. ಬೇರೆ ಏನು ಹೇಳಲಿ?

ಪರೀಕ್ಷೆಯ ದಿನ ಕಬ್ಬಿನ ಲಾರಿ ಅಡ್ಡ ಬರಲಿಲ್ಲ. ಪರೀಕ್ಷಕಿ ನಗುನಗುತ್ತಲೇ ಇಳಿದಳು. ನನ್ನ ಮಗಳ ವಯಸ್ಸಿನ ಎಂಜಿನಿಯರು. ಮೊದಲು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. ಸತ್ತ ಹುಳುವಿನ ವಾಸನೆ ನೆನಪಾಗಿ ನಾನೂ ಗಾಳಿ ಮೂಸಿದೆ. ತಲೆಯಾಡಿಸಿ ಕೆಳಗಿಟ್ಟಳು. ಚೌಕಟ್ಟಿಗೆ ಬಟ್ಟೆ ಬಿಗಿದು, ಪ್ರತಿ ಬೆಳ್ಳಿದಾರದ ತುದಿಗೂ ಕ್ಲಿಪ್ಪು ಸಿಕ್ಕಿಸಿ, ತಾನು ತಂದ ಪೆಟ್ಟಿಗೆಗೆ ಜೋಡಿಸಿದಳು. ಪೆಟ್ಟಿಗೆಯ ಪರದೆ ತುಂಬ ಹಸಿರು ಮನೆಗಳು. ಗುಂಡು ಹಾರಿಸಲು ಒತ್ತಿಟ್ಟ ಗಾಳಿಯ ಒಂದು ಕಬ್ಬಿಣದ ಕೊಳವೆ. ಬಾಹ್ಯಾಕಾಶದ ವೇಗದ ಪರೀಕ್ಷೆಗೆ ಬೇರೆ ದೊಡ್ಡ ಜಾಗ ಬೇಕು. ಇಲ್ಲಿ ನೋಡಬೇಕಾದದ್ದು ಒಂದೇ: ಪೆಟ್ಟು ಎಲ್ಲಿ ಬಿತ್ತೋ ಅಲ್ಲೇ ಎಂದು ಬಟ್ಟೆ ಹೇಳುತ್ತದೆಯೇ.

“ಸರ್, ನೀವು ಸ್ವಲ್ಪ ಹಿಂದೆ ನಿಂತ್ಕೊಳ್ಳಿ,” ಎಂದಳು. ಆಗಲೇ ಗೋಡೆಗೆ ಅಂಟಿಕೊಂಡಿದ್ದೆ.

ಟಪ್ ಎಂದಿತು. ಹಸಿರು ಮನೆಗಳ ನಡುವೆ ಒಂದೇ ಒಂದು ಮನೆ ಕೆಂಪಾಯಿತು. ಆಕೆ ಎಣಿಸಿಕೊಂಡು ಬಟ್ಟೆಯ ಮೇಲೆ ಬೆರಳಿಟ್ಟಳು. ಬೆರಳ ಕೆಳಗೇ ಕಡಲೆಕಾಳಿನಷ್ಟು ತೂತು.

“ಅದೇ ಮನೆ!” ಎಂದಳು.

ಆಪರೇಟರ್ ಶಿಳ್ಳೆ ಹಾಕಿದ. ಮಾಲೀಕರು ತೂತನ್ನು ನೋಡಿ, ಪರದೆಯನ್ನು ನೋಡಿ, ನನ್ನನ್ನು ನೋಡಿ, “ಅಷ್ಟೇನಾ?” ಎಂದರು.

“ಇನ್ನೊಂದೇ ಬಾಕಿ ಸರ್,” ಎಂದಳು ಪರೀಕ್ಷಕಿ. “ಈ ತುಂಡು ಹೀಗೇ ನಮ್ಮ ಲ್ಯಾಬಿಗೆ ಹೋಗ್ಬೇಕು. ತೂತಿನ ಅಂಚನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟು ಎಳೆ ಹೇಗೆ ಹರಿದಿದೆ ಅಂತ ಎಣಿಸ್ತೀವಿ. ಅದು ಸರಿಹೋದ್ರೆ ಆರ್ಡರ್ ನಿಮ್ಗೇ.”

ಮಾಲೀಕರಿಗೆ ಕೊನೆಯ ಮಾತಷ್ಟೇ ಕೇಳಿಸಿತು. ಕೂಡಲೇ ಆಕೆಯನ್ನು ಊಟಕ್ಕೆ ಕರೆದರು. ಚೌಕಟ್ಟಿನಿಂದ ಬಟ್ಟೆ ಬಿಚ್ಚಿದೆವು. ಎಲ್ಲಿಡುವುದು? ಮಗ್ಗದ ಹತ್ತಿರ ಎಣ್ಣೆ. ಆಫೀಸಿನಲ್ಲಿ ಧೂಳು, ಇಲಿ. ಶೆಡ್ಡಿನಲ್ಲಿ ತೀರ ಶುಚಿಯಾದ ಜಾಗವೆಂದರೆ ಪರಿಶೀಲನೆ ಮೇಜು: ಗಾಜಿನ ಹಲಗೆ, ಕೆಳಗೆ ದೀಪ. ಅಲ್ಲಿ ಹರಡಿ ಊಟಕ್ಕೆ ಹೋದೆವು. ಮಾಲೀಕರು ಸಂತೋಷದಲ್ಲಿ ಊಟದ ಮೇಲೆ ರಸಬಾಳೆ ತರಿಸಿದರು. ಒಂದು ತಿಂದರೆ ಬಿಡುವವರಲ್ಲ. ಪರೀಕ್ಷಕಿ ಮೂರನೆಯದಕ್ಕೆ ಕೈಮುಗಿದಳು.

ಹಿಂತಿರುಗಿ ಬಂದು ಆಕೆ ಬಟ್ಟೆ ಎತ್ತಿದಳು. ತಿರುಗಿಸಿದಳು. ದೀಪಕ್ಕೆ ಹಿಡಿದಳು.

“ಸರ್, ತೂತೆಲ್ಲಿ?”

ಬೇರೆ ತುಂಡಿರಬೇಕು ಎಂದುಕೊಂಡೆ. ಬೇರೆ ತುಂಡೇ ಇರಲಿಲ್ಲ. ಇಬ್ಬರೂ ಬೆರಳಾಡಿಸಿ ಹುಡುಕಿದೆವು. ನುಣ್ಣಗಿತ್ತು. ಆಕೆ ಮತ್ತೆ ಕ್ಲಿಪ್ಪು ಸಿಕ್ಕಿಸಿ ಪೆಟ್ಟಿಗೆ ಹಚ್ಚಿದಳು. ಅದೇ ಮನೆ, ಅದೇ ಕೆಂಪು. ಬಟ್ಟೆ ಪೆಟ್ಟು ಬಿದ್ದಿದೆ ಎನ್ನುತ್ತಿದೆ, ಕಣ್ಣು ಇಲ್ಲ ಎನ್ನುತ್ತಿದೆ.

“ಹೀಗೇ ತಗೊಂಡ್ಹೋದ್ರೆ, ಏನೂ ಆಗ್ದೇನೇ ಪೆಟ್ಟು ಬಿತ್ತು ಅನ್ನೋ ಬಟ್ಟೆ ಇದು ಅಂತಾರೆ ಸರ್,” ಎಂದಳು ಮೆಲ್ಲಗೆ. “ಅದಕ್ಕಿಂತ ಕೆಟ್ಟ ಹೆಸರು ಬೇರೆ ಇಲ್ಲ.”

ನಾನು ಸ್ಟೂಲಿನ ಮೇಲೆ ಕೂತೆ. ಕಣ್ಣಮುಂದೆ ಉತ್ತರದ ಬಾಗಿಲಿನ ಗೋಡೌನು.

ಆಗ ಮೇಜಿನ ಆ ಬದಿಯಿಂದ ನಮ್ಮ ಮೆಂಡಿಂಗ್ ಅಮ್ಮ ಬಂದರು. ತಾಂಡವಪುರದವರು. ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿದ್ದರೆ, ತೂತಿದ್ದರೆ, ಅಂಚಿನಿಂದ ದಾರ ಎಳೆದು ಗೊತ್ತಾಗದಂತೆ ಹೆಣೆದು ಸೇರಿಸುವುದೇ ಅವರ ಕೆಲಸ. ಆ ಮೇಜಿನ ಮೇಲೆ ಬಂದ ಯಾವ ಬಟ್ಟೆಯೂ ಇಷ್ಟು ವರ್ಷಗಳಲ್ಲಿ ತೂತಿನ ಸಮೇತ ಹೊರಗೆ ಹೋಗಿಲ್ಲ. ಸೂಜಿ ಇನ್ನೂ ಸೆರಗಿನಲ್ಲೇ ಚುಚ್ಚಿಕೊಂಡಿತ್ತು.

“ಉಡ್ಕಿ ಉಡ್ಕಿ, ಸಿಕ್ಕುದ್ರೆ ನನ್ ಎಸ್ರು ಬದ್ಲಾಯಿಸ್ಕತೀನಿ,” ಎಂದರು ಪರೀಕ್ಷಕಿಗೆ. ಹೆಮ್ಮೆ ಉಕ್ಕುವ ಮುಖವನ್ನು ನನ್ನ ಕಡೆ ತಿರುಗಿಸಿದರು. “ಉಂಡು ಬತ್ತೀನಿ, ನೋಡ್ತೀನಿ, ಕಾಳಿನಷ್ಟು ತೂತು! ಎದೆ ಧಸಕ್ಕಂತು ಸಾ. ಇದು ಪಾಸಾಗ್ದಿದ್ರೆ ಶೆಡ್ಡು ಓಯ್ತದೆ ಅಂತ ನೀವೇ ದಿನಾ ಬಡ್ಕತಿದ್ರಲ್ಲ. ಗಂಡಿನ ಕಡೆಯೋರು ಬಂದು ಕೂತವ್ರೆ, ಎಣ್ಣಿನ ಸೀರೆ ಅರ್ದದೆ ಅಂದ್ರೆ ಎಂಗೆ?”

ಪರೀಕ್ಷಕಿಯ ಬಾಯಿ ತೆರೆದೇ ಇತ್ತು. “ಅಮ್ಮಾ, ಬಿಚ್ಚೋಕೆ ಆಗುತ್ತಾ?”

“ಬಿಚ್ಚೋದಾ! ಅರ್ದಿದ್ ತುದೀನೆಲ್ಲಾ ಕತ್ತರ್ಸಿ ಬಿಸಾಕಿ ಗುಡಿಸಾಯ್ತು ಕಣವ್ವ.”

ಹೆಣೆದಲ್ಲಿ ಎಳೆ ಕೂಡಿತ್ತು, ಸುತ್ತಿನೊಳಗಿನ ಬೆಳ್ಳಿ ಕೂಡಿರಲಿಲ್ಲ; ಪರದೆಯ ಕೆಂಪು ನಿಜವನ್ನೇ ಹೇಳಿತ್ತು. ಪರೀಕ್ಷಕಿಗೆ ನಗು ಬಂತು. ಎಷ್ಟು ಬಂತೆಂದರೆ ಮೇಜು ಹಿಡಿದುಕೊಂಡು ನಿಲ್ಲಬೇಕಾಯಿತು. ನನಗೆ ಬರಲಿಲ್ಲ. “ಬಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಮನೆ ಇದೆಯಲ್ಲ ಸರ್, ಇನ್ನೊಂದು ಹೊಡಿಯೋಣ ಬಿಡಿ,” ಎಂದು ಆಕೆಯೇ ಚೌಕಟ್ಟು ಎಳೆದಳು. ಮತ್ತೆ ಬಿಗಿದೆವು. ಮತ್ತೆ ಟಪ್. ಪರದೆಯಲ್ಲಿ ಎರಡು ಕೆಂಪು, ಬಟ್ಟೆಯಲ್ಲಿ ಒಂದು ತೂತು. ಎರಡನೆಯದೂ ಸರಿಯಾದ ಮನೆಯೇ. ಆ ತೂತು ಲ್ಯಾಬಿನಲ್ಲಿ ಪಾಸಾಯಿತು, ಆರ್ಡರು ಬಂತು, ಲಾರಿಗೆ ಬಾಗಿಲು ಇಡುವ ಮಾತು ನಿಂತಿತು, ಇದೆಲ್ಲ ಆಮೇಲೆ.

ಅವತ್ತು ಪರೀಕ್ಷಕಿ ಬಟ್ಟೆಯನ್ನು ನನ್ನ ಕೈಗೇ ಕೊಟ್ಟು, “ಕಾರಿನವರೆಗೆ ನೀವೇ ಹಿಡ್ಕೊಂಡು ಬನ್ನಿ ಸರ್, ಎಲ್ಲೂ ಕೆಳಗಿಡಬೇಡಿ,” ಎಂದಳು. ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟಿದೆ. ಮೆಂಡಿಂಗ್ ಅಮ್ಮ ಗೇಟಿನ ತನಕ ನನ್ನ ಪಕ್ಕದಲ್ಲೇ ನಡೆದು ಬಂದರು. ಕಣ್ಣು ತೂತಿನ ಮೇಲಿಂದ ಕದಲಲಿಲ್ಲ. ಸೆರಗಿನ ಸೂಜಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡರು.

“ಸಾ, ಒಂದೇ ನಿಮ್ಸ ಸಾಕು...”

“ಬೇಡಮ್ಮ.”

“ಇಷ್ಟು ದೊಡ್ ತೂತು ಮಡಿಕ್ಕಂಡು ಮೇಲಕ್ಕೆ ಕಳುಸ್ತಾ ಇದ್ದೀರಲ್ಲಾ,” ಎಂದರು ಕಾರಿನ ಬಾಗಿಲು ಮುಚ್ಚಿಕೊಳ್ಳುವಾಗ, “ನೋಡ್ದೋರು ನಮ್ಮನ್ನ ಏನಂದ್ಕತಾರೆ?”